ಹಳೆಯ ಕಾರಿಗೆ ಹೊಸ ಮುಳ್ಳುಗಳು

ಬಂಡೂರು ಎಂದೊಡನೆ ನಿಮ್ಮಲ್ಲಿ ಬಹುಮಂದಿಗೆ ಕುರಿಯ ನೆನಪಾಗುವುದು ಸಹಜ. ಮಳವಳ್ಳಿ ತಾಲ್ಲೂಕಿನ ಈ ಹಳ್ಳಿ ತನ್ನ ಹೆಸರನ್ನು ಒಂದು ಕುರಿ ತಳಿಗೇ ಕೊಟ್ಟಿದೆ. ಆದರೆ ನಾನು ಹೇಳಹೊರಟಿರುವುದು ಆ ಊರಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿ ನಿಂತಿರುವ ಹಳೆಯ ಅಂಬಾಸಿಡರ್ ಕಾರಿನ ಸಂಗತಿ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅದರ ಯಂತ್ರದ ಸ್ಥಿತಿಯನ್ನು ತಿಳಿಯಲು ನಾವು ಆಮೇಲೆ ಕೂಡಿಸಿದ ಮೂರು ಮಾಪಕಗಳ ಸಂಗತಿ. ಉತ್ತರಪಾರಾದ ಕಾರ್ಖಾನೆಯಲ್ಲಿ ಈ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಹೀಗಿರುವಾಗ ಇರುವ ಯಂತ್ರವನ್ನು ಕಾಪಾಡಿಕೊಳ್ಳುವುದೇ ಜಾಣತನವಲ್ಲವೇ?

ಮೊದಲು ನನ್ನ ಪೆದ್ದತನವನ್ನು ಹೇಳಿಬಿಡುತ್ತೇನೆ. ತಂದೆಯವರ ಕಾಲದ ಆ ಕಾರಿಗೆ ನೀರಿನ ಬಿಸಿ ತೋರಿಸುವ ಒಂದೇ ಒಂದು ಮೀಟರು ಹಾಕಿಸಿ, ಇನ್ನು ಭಯವಿಲ್ಲವೆಂದು ನಂಬಿದ್ದೆ. ಒಂದು ಬೇಸಗೆಯಲ್ಲಿ ಮದ್ದೂರಿನಿಂದ ಮಳವಳ್ಳಿಗೆ ಬರುತ್ತಿದ್ದೆವು. ಕೆ. ಎಂ. ದೊಡ್ಡಿಯ ಬಳಿ ಕಬ್ಬಿನ ಗಾಡಿಗಳ ಸಾಲಿನ ಹಿಂದೆ ಸಿಕ್ಕಿಕೊಂಡೆವು. ನಿಧಾನವಾಗಿ ತೆವಳುವ ಕಾರಿಗೆ ಎದುರುಗಾಳಿಯಿಲ್ಲ. ಫ್ಯಾನೂ ಮೆಲ್ಲಗೆ ತಿರುಗುತ್ತದೆ. ಮುಳ್ಳು ಏರತೊಡಗಿತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಕುಳಿತಿದ್ದ ಅಕ್ಕನ ಮಗ, “ಮಾವ, ಮುಳ್ಳು ಇಳೀತಾ ಅದೆ, ಎಂಜಿನ್ನು ತಣ್ಣಗಾಯ್ತು” ಎಂದ. ನನಗೂ ಸಮಾಧಾನವಾಯಿತು. ಎರಡು ಮೈಲಿ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಕಾರು ನಿಂತಿತು.

ನಡೆದದ್ದೇನೆಂದರೆ, ರೇಡಿಯೇಟರಿನ ಹಳೆಯ ರಬ್ಬರ್ ಕೊಳವೆ ಸೀಳಿ ನೀರೆಲ್ಲ ರಸ್ತೆಯ ಪಾಲಾಗಿತ್ತು. ಮೀಟರಿನ ಸೂಚಕ ಅಳೆಯುವುದು ತನ್ನನ್ನು ಮುಟ್ಟಿದ ನೀರಿನ ಬಿಸಿಯನ್ನು. ನೀರೇ ಇಲ್ಲದೆ ಅದು ಬರಿಯ ಗಾಳಿಯಲ್ಲಿ ನಿಂತರೆ, ಯಂತ್ರ ಕೆಂಡವಾಗಿದ್ದರೂ ಮುಳ್ಳು ಇಳಿದೀತು. ಸಿಲಿಂಡರ್ ಹೆಡ್ಡು ಸೊಟ್ಟಗಾಗಿತ್ತು. ಅದನ್ನು ಸಮ ಮಾಡಿಸಿ ಮತ್ತೆ ಜೋಡಿಸುವಷ್ಟರಲ್ಲಿ ಆದ ಖರ್ಚನ್ನು ಇಲ್ಲಿ ಬರೆಯಲು ನಾಚಿಕೆ. ಏರಿದ ಮುಳ್ಳು ತಾನಾಗಿ ಥಟ್ಟನೆ ಇಳಿದರೆ ಸಂತೋಷಪಡಬೇಡಿ, ಗಾಡಿ ನಿಲ್ಲಿಸಿ. ಮುಚ್ಚಳವನ್ನು ಮಾತ್ರ ಬಿಸಿಯಲ್ಲಿ ತೆಗೆಯಬಾರದು.

“ಕಾರಿನಲ್ಲಿ ಕೆಂಪು ದೀಪವಿದೆಯಲ್ಲ, ಸಾಲದೆ?” ಎಂದು ನೀವು ಕೇಳಬಹುದು. ಎಣ್ಣೆಯ ದೀಪ ಹೊತ್ತುವುದು ಸಾಮಾನ್ಯವಾಗಿ ಒತ್ತಡ ಚದರ ಅಂಗುಲಕ್ಕೆ ಹತ್ತು ಪೌಂಡಿಗಿಂತ ಕೆಳಗೆ ಬಿದ್ದಾಗ. ಬಿಸಿಯಾದ ಯಂತ್ರ ರಸ್ತೆಯಲ್ಲಿ ಓಡುವಾಗ ಇರಬೇಕಾದದ್ದು ನಲವತ್ತು ಐವತ್ತು ಪೌಂಡು. ಐವತ್ತರಿಂದ ಹತ್ತಕ್ಕೆ ಇಳಿಯುವ ಆ ದಾರಿಯನ್ನೆಲ್ಲ ದೀಪ ಮುಚ್ಚಿಡುತ್ತದೆ, ಮುಳ್ಳು ತೋರಿಸುತ್ತದೆ. ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾದ್ದಿಲ್ಲ. ಪಂಪ್‌ಸೆಟ್ಟಿನ ಗುಂಡಿ ಒತ್ತುವ ಮೊದಲು ಅವರು ಸ್ಟಾರ್ಟರ್ ಪೆಟ್ಟಿಗೆಯ ವೋಲ್ಟ್ ಮೀಟರನ್ನು ನೋಡುತ್ತಾರೆ, ಮೋಟಾರು ಸುಟ್ಟಮೇಲಲ್ಲ.

ಎಣ್ಣೆಯ ಒತ್ತಡ ಅಳೆಯುವ ಮಾಪಕದಲ್ಲಿ ಎರಡು ಬಗೆ. ಒಂದು ಯಾಂತ್ರಿಕ. 1849ರಲ್ಲಿ ಫ್ರಾನ್ಸಿನ ಯುಜೀನ್ ಬೂರ್ದೊನ್ ಎಂಬುವರು ಪೇಟೆಂಟ್ ಪಡೆದ ಬಾಗಿದ ಕೊಳವೆಯೇ ಇದರ ಜೀವಾಳ. ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಸುರುಳಿ ಪೀಪಿಯನ್ನು ಊದಿದರೆ ಅದು ಬಿಚ್ಚಿಕೊಳ್ಳುವುದಿಲ್ಲವೇ, ಹಾಗೆಯೇ ಒತ್ತಡ ಹೆಚ್ಚಿದಾಗ ಈ ಕೊಳವೆ ಕೊಂಚ ನೆಟ್ಟಗಾಗಿ ಮುಳ್ಳನ್ನು ತಿರುಗಿಸುತ್ತದೆ. ನಂಬಿಕೆಯ ಯಂತ್ರವೇ ಸರಿ. ಆದರೆ ಕಾದ ಎಣ್ಣೆ ಸಣ್ಣ ನಳಿಕೆಯಲ್ಲಿ ನಿಮ್ಮ ಮೊಣಕಾಲಿನವರೆಗೂ ಬರುತ್ತದೆ. ತಾಮ್ರದ ನಳಿಕೆಯಾದರೆ ಯಂತ್ರದ ನಡುಕಕ್ಕೆ ಬಿರುಕು ಬಿಡದಂತೆ ನಡುವೆ ಒಂದೆರಡು ಸುತ್ತು ಸುರುಳಿ ಬಿಡಬೇಕು. ನೈಲಾನಿನದಾದರೆ ಹೊಗೆಕೊಳವೆಯಿಂದ ದೂರವಿಡಬೇಕು. ಮನೆಮಂದಿ ಕೂರುವ ಕಾರಿಗೆ ವಿದ್ಯುತ್ತಿನ ಬಗೆಯೇ ಲೇಸೆಂದು ನನ್ನ ಮತ. ಅದರಲ್ಲಿ ಒಳಗೆ ಬರುವುದು ಬರಿಯ ತಂತಿ.

ಆ ವಿದ್ಯುತ್ ಸೂಚಕವನ್ನು ಯಂತ್ರಕ್ಕೆ ತಿರುಪುವಾಗ ಆತುರ ಬೇಡ. ಇಂಗ್ಲಿಷ್ ಅಳತೆಯ ತಿರುಪಿನಲ್ಲಿ ಅಂಗುಲಕ್ಕೆ 28 ಎಳೆ, ಅಮೆರಿಕದ ಅಳತೆಯಲ್ಲಿ 27. ಕಣ್ಣಿಗೆ ಎರಡೂ ಒಂದೇ. ಬಲವಂತವಾಗಿ ತಿರುಪಿದರೆ ಎಳೆ ಹರಿದು ಎಣ್ಣೆ ಜಿನುಗುತ್ತದೆ. ಬೆರಳಿನಲ್ಲಿ ಮೂರು ನಾಲ್ಕು ಸುತ್ತು ಸಲೀಸಾಗಿ ಹೋದರೆ ಮಾತ್ರ ಮುಂದೆ ಸ್ಪಾನರ್ ಹಿಡಿಯಿರಿ. ನೀರು ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಇಲ್ಲಿ ದಪ್ಪಗೆ ಸುತ್ತಬಾರದು: ಸೂಚಕದ ಮೈಯೇ ಅದರ ಅರ್ತ್ ತಂತಿ, ಟೇಪು ಆ ಸಂಪರ್ಕವನ್ನು ಕಡಿದರೆ ಮುಳ್ಳು ಸುಳ್ಳು ಹೇಳುತ್ತದೆ. ಸೂಚಕ ಒಬ್ಬರದು, ಮೀಟರು ಇನ್ನೊಬ್ಬರದು ಆದರೂ ಅಷ್ಟೆ. ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಚೌಕಾಸಿ ಮಾಡುವ ಆಸೆ ಬಿಟ್ಟು ಜೋಡಿಯಾಗಿಯೇ ಕೊಳ್ಳಿ.

ಮೂರನೆಯದು ವಿದ್ಯುತ್ತಿನದು. ಹಳೆಯ ಕಾಲದವರು ಆಮ್ ಮೀಟರನ್ನು ಬಯಸುತ್ತಿದ್ದರು. ಅದರಲ್ಲಿ ಗಾಡಿಯ ವಿದ್ಯುತ್ ಪ್ರವಾಹವೆಲ್ಲ ಡ್ಯಾಶ್‌ಬೋರ್ಡಿನವರೆಗೆ ಬಂದು ಹೋಗಬೇಕು. ಆ ದಪ್ಪ ತಂತಿ ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಸುಲಿದರೆ ಬೆಂಕಿಯೇ ಗತಿ. ವೋಲ್ಟ್ ಮೀಟರಿಗೆ ಸಣ್ಣ ತಂತಿ ಸಾಕು. ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಜಾಗದಿಂದ, ನಡುವೆ ಸಣ್ಣ ಫ್ಯೂಸು ಹಾಕಿ ತರಬೇಕು. ಸುಮ್ಮನಿರುವ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಯಂತ್ರ ಓಡುವಾಗ 14ರ ಆಸುಪಾಸು ಇರಬೇಕು. ಹಳೆಯ ಡೈನಮೋ ಇರುವ ಗಾಡಿಯಲ್ಲಿ ನಿಂತಾಗ ಮುಳ್ಳು ಇಳಿದರೆ ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ. ಇನ್ನೊಂದು ಮಾತು: ಹಳೆಯ ಇಂಗ್ಲಿಷ್ ಮಾದರಿಯ ಕೆಲವು ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನೇ ಗಾಡಿಯ ಮೈಗೆ ಕಟ್ಟಿರುತ್ತಾರೆ. ಅದನ್ನು ನೋಡದೆ ಇಂದಿನ ಎಲೆಕ್ಟ್ರಾನಿಕ್ ಮೀಟರನ್ನು ಜೋಡಿಸಿದರೆ ಅದು ಅಲ್ಲೇ ಸತ್ತೀತು. ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ಅರ್ತ್ ತಂತಿಯನ್ನು ಬಿಚ್ಚಿಡುವುದನ್ನೂ, ತಂತಿ ತಗಡನ್ನು ದಾಟುವ ತೂತಿಗೆ ರಬ್ಬರ್ ಬಳೆ ಹಾಕುವುದನ್ನೂ ಮರೆಯಬಾರದು.

ನೀರಿನ ಬಿಸಿಯ ಮೀಟರು ನಿಜ ಹೇಳುತ್ತದೆಯೇ ಎಂದು ಅಡುಗೆಮನೆಯಲ್ಲೇ ನೋಡಬಹುದು. ನಳಿಕೆಯ ತುದಿಯಲ್ಲಿ ಬುರುಡೆ ಇರುವ ಬಗೆಯಾದರೆ, ಕಾರಿಗೆ ಕೂಡಿಸುವ ಮೊದಲು ಆ ಬುರುಡೆಯನ್ನು ಕುದಿಯುವ ನೀರಿನಲ್ಲಿ, ಪಾತ್ರೆಯ ತಳ ಮುಟ್ಟದಂತೆ ಇಳಿಬಿಡಿ. ಮುಳ್ಳು ನೂರಕ್ಕೆ ಒಂದೆರಡು ಡಿಗ್ರಿ ಕಡಮೆ ತೋರಿಸಿದರೆ ಮೀಟರಿನ ತಪ್ಪಲ್ಲ. ಸಮುದ್ರಮಟ್ಟದಿಂದ ಸುಮಾರು 2,000 ಅಡಿ ಎತ್ತರದ ನಮ್ಮ ಸೀಮೆಯಲ್ಲಿ ನೀರು 98ರ ಹತ್ತಿರವೇ ಕುದಿಯುತ್ತದೆ. ರೇಡಿಯೇಟರಿನ ಒಳಗೆ ಬೇರೆ ಲೆಕ್ಕ. ಏಳು ಪೌಂಡಿನ ಮುಚ್ಚಳ ಬಿಗಿಯಾಗಿದ್ದರೆ ಕುದಿಯುವ ಬಿಂದು ಇನ್ನೂ ಹತ್ತು ಹನ್ನೆರಡು ಡಿಗ್ರಿ ಮೇಲಕ್ಕೆ ಹೋಗುತ್ತದೆ. ಮುಚ್ಚಳದ ರಬ್ಬರು ಸವೆದಿದ್ದರೆ ಆ ಲಾಭವಿಲ್ಲ.

ಕೂಡಿಸಿದ ಮೊದಲ ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಬೆಳಿಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು, ಏರಿನಲ್ಲಿ ಎಷ್ಟು, ಗಾಡಿ ನಿಂತಾಗ ಎಷ್ಟು. ನಿಮ್ಮ ಯಂತ್ರದ ಸಹಜ ಸ್ಥಿತಿ ಯಾವುದೆಂದು ತಿಳಿಯುವುದು ಹೀಗೆ. ನಮ್ಮ ಕಾರಿನ ಪುಸ್ತಕವನ್ನು ಈಗ ಅಕ್ಕನ ಮಗನೇ ಬರೆಯುತ್ತಾನೆ. ಮುಳ್ಳು ಇಳಿದರೆ ಅವನು ಮೊದಲು ನೋಡುವುದು ರೇಡಿಯೇಟರಿನ ಕೆಳಗಿನ ನೆಲವನ್ನು.