ಮುಚ್ಚಳದ ಬೀಗ ಬೀಳದಿದ್ದರೆ…

ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನಲ್ಲಿರುವ ಹುಲಜಂತಿ ಗಡಿಯಾಚೆಯ ಕನ್ನಡದ ಊರು. ದೀಪಾವಳಿ ಅಮಾವಾಸ್ಯೆಯ ಹೊತ್ತಿಗೆ ಅಲ್ಲಿ ಮಹಾಲಿಂಗರಾಯನ ಜಾತ್ರೆ. ಪಲ್ಲಕ್ಕಿಗಳು ಭೇಟಿಯಾಗುವಾಗ ಜನ ಭಂಡಾರ ತೂರುತ್ತಾರೆ. ಅಂಗಿ, ಧೋತರ, ಸೀರೆ, ಮಕ್ಕಳ ತಲೆಗೂದಲು ಎಲ್ಲವೂ ಅರಿಷಿಣದ ಬಣ್ಣಕ್ಕೆ ತಿರುಗುತ್ತವೆ. ಜಾತ್ರೆ ಮುಗಿದ ಮರುದಿನ ಒಗೆಯುವ ಬಟ್ಟೆಯ ಗುಡ್ಡೆಯನ್ನು ನೀವೇ ಊಹಿಸಿಕೊಳ್ಳಿ. ಅದರ ಮೇಲೆ ಬಂದ ನೆಂಟರು ಹೊದ್ದ ಸೊಲ್ಲಾಪುರದ ಚಾದರಗಳು, ಒಂದೆರಡು ಕಂಬಳಿ. (ಅರಿಷಿಣದ ಕಲೆಗೆ ಸೋಪು ತಾಗಿದಾಗ ಅದು ಕೆಂಪಾಗುತ್ತದೆ. ಗಾಬರಿಯಾಗಬೇಕಿಲ್ಲ, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ಮಾಸುತ್ತದೆ.) ಹಿಂದೆ ಇಂಥ ಬಟ್ಟೆಯ ಗಂಟು ಹಳ್ಳಕ್ಕೋ ಬಾವಿಗೋ ಹೋಗುತ್ತಿತ್ತು. ಇಂದು ಅನೇಕ ಮನೆಗಳಲ್ಲಿ ಅದು ವಾಷಿಂಗ್ ಮಷೀನಿಗೆ ಹೋಗುತ್ತದೆ.

ಹಬ್ಬದ ಹೊರೆ ಬಿದ್ದಾಗಲೇ ಮಷೀನು ಮುನಿಸಿಕೊಳ್ಳುವುದು. ನೀರು ತುಂಬುತ್ತದೆ, ಬಟ್ಟೆ ತಿರುಗುತ್ತದೆ, ಆದರೆ ಹಿಂಡುವ ಹೊತ್ತಿಗೆ ಮುಚ್ಚಳದ ಬೀಗ ಬೀಳುವುದಿಲ್ಲ. ಮಷೀನು ಕುಂಯ್ ಕುಂಯ್ ಎಂದು ಕೂಗಿ ನಿಂತುಬಿಡುತ್ತದೆ. ಒಳಗೆ ನೆನೆದ ಬಟ್ಟೆ, ಹೊರಗೆ ಮನೆಯೊಡತಿಯ ತಲೆಬಿಸಿ. ರಿಪೇರಿಯವನನ್ನು ಕರೆದರೆ ಎಷ್ಟೋ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಅಕ್ಕಾರ, ಆ ಲಾಕಿನ ಉಸಾಬರಿನೇ ಬ್ಯಾಡ್ರಿ. ಎರಡು ವಾಯರ್ ಜೋಡಿಸಿ ಡೈರೆಕ್ಟ್ ಮಾಡಿಬಿಡ್ತೀನಿ. ಮುಂದ ಎಂದೂ ತ್ರಾಸ ಕೊಡೂದಿಲ್ಲ."

ಅವನು ಹೇಳುವುದು ಸುಳ್ಳಲ್ಲ. ಡೈರೆಕ್ಟ್ ಮಾಡಿದ ಮಷೀನು ತ್ರಾಸ ಕೊಡದೆ ತಿರುಗುತ್ತದೆ. ಮುಚ್ಚಳ ತೆರೆದಿದ್ದರೂ ತಿರುಗುತ್ತದೆ. ಈ ಲೇಖನ ಬರೆಯಲು ನಮಗೆ ಕಾರಣವಾದದ್ದೂ ಅದೇ.

ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಮಷೀನಿನಲ್ಲಿ ಹಿಂಡುವ ಡಬ್ಬಿ ನಿಮಿಷಕ್ಕೆ ಸುಮಾರು 1300 ಸುತ್ತು ತಿರುಗುತ್ತದೆ. ಎಂದರೆ ಒಂದು ಸೆಕೆಂಡಿಗೆ 21ಕ್ಕೂ ಹೆಚ್ಚು ಸುತ್ತು. ಡಬ್ಬಿಯ ಅಗಲ 25 ಸೆಂಟಿಮೀಟರ್ ಎಂದು ಹಿಡಿದರೆ ಅದರ ಅಂಚು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಹೆದ್ದಾರಿಯ ಬಸ್ಸಿನ ವೇಗ ಅದು! ಸೀರೆಯ ಸೆರಗು, ಓಢಣಿ, ಮಗುವಿನ ಕೈ ಯಾವುದೇ ಅದರೊಳಗೆ ಸಿಕ್ಕರೆ ಎಳೆದುಕೊಳ್ಳುವ ಮೊದಲು ಕೂಗಲೂ ಸಮಯವಿರುವುದಿಲ್ಲ. ಮುಚ್ಚಳ ತೆರೆದ ಕೂಡಲೆ ಮೋಟಾರಿಗೆ ವಿದ್ಯುತ್ ನಿಲ್ಲಬೇಕು, ಇಲ್ಲವೇ ತಿರುಗುವುದು ನಿಲ್ಲುವವರೆಗೆ ಮುಚ್ಚಳವೇ ತೆರೆಯಬಾರದು. ಬೀಗ ಇರುವುದು ಇದಕ್ಕಾಗಿ. ಅದನ್ನು ಕಿತ್ತುಹಾಕುವ ರಿಪೇರಿ ರಿಪೇರಿಯಲ್ಲ.

ಹಾಗಾದರೆ ದೋಷ ಎಲ್ಲಿದೆ? ಬಹಳಷ್ಟು ಸಲ ಬೀಗದಲ್ಲಿ ಇರುವುದೇ ಇಲ್ಲ. ಮೊದಲು ನಿಮ್ಮ ಮನೆಯಲ್ಲಿರುವುದು ಯಾವ ಬಗೆಯ ಮಷೀನು ಎಂದು ತಿಳಿದುಕೊಳ್ಳಿ. ಸೆಮಿ ಆಟೊಮ್ಯಾಟಿಕ್‌ನಲ್ಲಿ ನಿಜವಾಗಿ ಬೀಗ ಇಲ್ಲ, ಒಂದು ಸ್ವಿಚ್ಚು ಮಾತ್ರ. ಮುಚ್ಚಳ ಮುಚ್ಚಿದಾಗ ಅದರ ಹಿಂಬದಿಯ ಪ್ಲಾಸ್ಟಿಕ್ ನಾಲಗೆ ಆ ಸ್ವಿಚ್ಚನ್ನು ಒತ್ತುತ್ತದೆ. ತೆರೆದಾಗ ವಿದ್ಯುತ್ ಕಡಿದು ಬ್ರೇಕು ಡಬ್ಬಿಯನ್ನು ಹಿಡಿಯುತ್ತದೆ. ಮೇಲಿಂದ ಬಟ್ಟೆ ಹಾಕುವ ಫುಲ್ ಆಟೊಮ್ಯಾಟಿಕ್‌ಗಳಲ್ಲಿ ಕೆಲವಕ್ಕೆ ಮುಚ್ಚಳದ ಕೊಕ್ಕೆ ಒಂದು ಕಂಡಿಯೊಳಗೆ ಇಳಿದು ಬೀಗವಾಗುತ್ತದೆ, ಕೆಲವಕ್ಕೆ ಮುಚ್ಚಳದಲ್ಲಿರುವ ಸಣ್ಣ ಅಯಸ್ಕಾಂತವನ್ನು ಒಳಗಿನ ಸ್ವಿಚ್ಚು ಗುರುತಿಸುತ್ತದೆ. ಮುಂದಿನಿಂದ ಬಾಗಿಲು ತೆರೆಯುವ ಮಷೀನಿನ ಬೀಗ ಬೇರೆಯೇ. ಅನೇಕ ಮಾದರಿಗಳಲ್ಲಿ ಅದರೊಳಗೆ ಒಂದು ಪುಟ್ಟ ಬಿಸಿ ಬಿಲ್ಲೆ, ಅದರ ಶಾಖಕ್ಕೆ ಬಾಗುವ ಎರಡು ಲೋಹದ ಪಟ್ಟಿ. ಪಟ್ಟಿ ಬಾಗಿದಾಗ 'ಟಕ್' ಎಂದು ಬೀಗ ಬೀಳುತ್ತದೆ. ಒಗೆದು ಮುಗಿದ ಮೇಲೂ ಅದು ತಣ್ಣಗಾಗಲು ಒಂದೆರಡು ನಿಮಿಷ ಬೇಕು. ಆ ಎರಡು ನಿಮಿಷ ಕಾಯಲಾರದೆ ಹಿಡಿಕೆಯನ್ನು ಜಗ್ಗಿ ಮುರಿದ ಮನೆಗಳು ಬಹಳ.

ಈಗ ಪರೀಕ್ಷೆ. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಐದರಿಂದ ಹತ್ತು ನಿಮಿಷ ಬಿಡಿ. ವಿದ್ಯುತ್ ಏರಿಳಿತಕ್ಕೆ ಗೊಂದಲಗೊಂಡ ಮಷೀನು ಇಷ್ಟಕ್ಕೇ ಸರಿಹೋಗುವುದುಂಟು. ಮತ್ತೆ ಹಾಕಿದಾಗ ಫಲಕದಲ್ಲಿ ಏನು ಮೂಡುತ್ತದೆ ನೋಡಿ. ಎಲ್‌ಜಿಯಲ್ಲಿ 'ಡಿಇ' ಎಂಬ ಅಕ್ಷರಗಳು ಬಂದರೆ ಬಾಗಿಲಿನ ದೂರು ಎಂದರ್ಥ. ಬೇರೆ ಕಂಪನಿಗಳ ಗುರುತು ಪುಸ್ತಿಕೆಯಲ್ಲಿರುತ್ತದೆ. ಪುಸ್ತಿಕೆಯನ್ನು ಎಸೆಯದೆ ಮಷೀನಿನ ಹತ್ತಿರವೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತೂಗುಹಾಕಿ. ಮಕ್ಕಳು ಗುಂಡಿ ಒತ್ತಿ 'ಚೈಲ್ಡ್ ಲಾಕ್' ಆಗಿದ್ದರೂ ಮಷೀನು ಕೇಳದಂತಾಗುತ್ತದೆ.

ಆಮೇಲೆ ಕೊಳೆ. ಗಡಿಭಾಗದ ನಮ್ಮ ಬಹಳ ಊರುಗಳಲ್ಲಿ ಬೋರಿನ ನೀರು ಗಡುಸು. ಕೊಡದ ಒಳಗೆ ಕೂರುವ ಬಿಳಿ ಸುಣ್ಣವೇ ಬೀಗದ ಕಂಡಿಯಲ್ಲೂ ಕೂರುತ್ತದೆ. ಅದರ ಮೇಲೆ ಸೋಪಿನ ಪುಡಿ, ಬಟ್ಟೆಯ ನೂಲು, ಕಂಬಳಿಯ ಉಣ್ಣೆ. ಕೊಕ್ಕೆ ಕಂಡಿಯ ತಳ ಮುಟ್ಟದೆ ಹೋದರೆ ಬೀಗ ಹೇಗೆ ಬಿದ್ದೀತು? ಪ್ಲಗ್ಗು ಕಿತ್ತಿರುವಾಗಲೇ ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ಬೆಚ್ಚನೆಯ ನೀರು ಮತ್ತು ನಿಂಬೆ ಉಪ್ಪಿನಲ್ಲಿ ಅದ್ದಿ, ಹಿಂಡಿ, ಕಂಡಿಯನ್ನು ಉಜ್ಜಿ. ನೀರು ಸುರಿಯಬೇಡಿ, ಒಳಗೆ ವಿದ್ಯುತ್ ಭಾಗವಿದೆ. ಒಣಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ ನೋಡಿ. ಮುಂದಿನ ಬಾಗಿಲಿನ ಮಷೀನಿನಲ್ಲಿ ರಬ್ಬರಿನ ಮಡಿಕೆಯೊಳಗೆ ಕಾಲುಚೀಲವೋ ಕರವಸ್ತ್ರವೋ ಸಿಕ್ಕಿಕೊಂಡಿದೆಯೇ ಎಂದೂ ಬೆರಳಾಡಿಸಿ.

ಮೂರನೆಯ ಕಾರಣ ಯಾರೂ ಸುಲಭವಾಗಿ ಅನುಮಾನಿಸದ ನೆಲ! ಮಂಗಳವೇಢೆಯ ಸುತ್ತಿನದು ಜೋಳಕ್ಕೆ ಹೆಸರಾದ ಎರೆಭೂಮಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಮನೆಯ ಫರಸಿಯೂ ವರ್ಷದಿಂದ ವರ್ಷಕ್ಕೆ ಅಲ್ಪಸ್ವಲ್ಪ ಏರುಪೇರಾಗುತ್ತದೆ. ಹೋದ ವರ್ಷ ಸಮವಾಗಿ ನಿಂತ ಮಷೀನು ಈ ವರ್ಷ ಒಂದು ಕಾಲಿನ ಮೇಲೆ ಕುಂಟುತ್ತಿರಬಹುದು. ಹಾಗೆ ಕುಂಟುತ್ತಾ ತಿರುಗುವಾಗ ಇಡೀ ಮೈ ಒಂದು ಕಡೆಗೆ ಎಳೆದು, ಮುಚ್ಚಳದ ಕೊಕ್ಕೆ ಕಂಡಿಗೆ ಎದುರಾಗುವುದು ತಪ್ಪುತ್ತದೆ. ಗೌಂಡಿಯ ರಸಮಟ್ಟ ಸಿಕ್ಕರೆ ಸರಿ, ಇಲ್ಲದಿದ್ದರೆ ಅಗಲವಾದ ತಾಟಿನಲ್ಲಿ ನೀರು ಹಾಕಿ ಮಷೀನಿನ ಮೇಲಿಡಿ. ನೀರು ಯಾವ ಕಡೆ ಸರಿಯುತ್ತದೋ ಆ ಕಡೆಯ ಕಾಲಿನ ತಿರುಪನ್ನು ತಿರುಗಿಸಿ ಎತ್ತರಿಸಿ. ಇಟ್ಟಿಗೆ ಚೂರು, ಮಡಚಿದ ರಟ್ಟು ಇಡುವುದು ಬೇಡ. ಒಂದೇ ವಾರದಲ್ಲಿ ನಡುಗಿ ಜಾರಿಹೋಗುತ್ತವೆ.

ಹೊರೆಯ ವಿಚಾರವೂ ಇಲ್ಲೇ ಬರುತ್ತದೆ. ಮಷೀನಿನ ಮೇಲೆ ಬರೆದ ಆರೂವರೆ ಕಿಲೋ ಎಂಬುದು ಒಣಬಟ್ಟೆಯ ಲೆಕ್ಕ. ಚಾದರವಾಗಲಿ ಕಂಬಳಿಯಾಗಲಿ ನೀರು ಕುಡಿದ ಮೇಲೆ ಅದರ ತೂಕ ನಮ್ಮ ಕೈಗೇ ಗೊತ್ತು. ಎರಡು ಚಾದರ ಒಂದೇ ಬದಿಗೆ ಮುದ್ದೆಯಾದರೆ ಡಬ್ಬಿ ಮೈಗೆ ಬಡಿಯುತ್ತದೆ, ಬಡಿದು ಬಡಿದು ಕೊಕ್ಕೆ, ಬಿಜಾಗರಿ ಎರಡೂ ಸಡಿಲವಾಗುತ್ತವೆ. ಇದು ಅಮೆರಿಕದಲ್ಲೂ ದೊಡ್ಡ ಸುದ್ದಿಯಾಗಿತ್ತು. 2016ರ ನವೆಂಬರಿನಲ್ಲಿ ಸ್ಯಾಮ್‌ಸಂಗ್ ಕಂಪನಿ ಅಲ್ಲಿ ಸುಮಾರು 28 ಲಕ್ಷ ಮಷೀನುಗಳ ಬಗ್ಗೆ ಎಚ್ಚರಿಕೆ ಹೊರಡಿಸಬೇಕಾಯಿತು. ಹಿಂಡುವಾಗಿನ ಅದುರಿಗೆ ಮಷೀನಿನ ಮೇಲ್ಭಾಗವೇ ಕಿತ್ತುಬರುವ ಅಪಾಯವಿತ್ತು. ಹಾಸಿಗೆ ಹೊದಿಕೆ, ನೀರು ಹಿಡಿಯದ ಬಟ್ಟೆಗಳನ್ನು ನಿಧಾನ ವೇಗದಲ್ಲೇ ತೊಳೆಯಿರಿ ಎಂದು ಬಳಸುವವರಿಗೆ ತಿಳಿಸಲಾಯಿತು. ನಮ್ಮ ಅಭಿಪ್ರಾಯ ಕೇಳಿದರೆ, ಕಂಬಳಿಯನ್ನು ಮಷೀನಿಗೆ ಹಾಕಲೇಬೇಡಿ. ಅದಕ್ಕೆ ಕಲ್ಲು, ಬಿಸಿಲು ಎರಡೇ ಸಾಕು.

ಇಷ್ಟೆಲ್ಲ ನೋಡಿದ ಮೇಲೂ ಬೀಗ ಬೀಳದಿದ್ದರೆ ಕೊಕ್ಕೆ ಮುರಿದಿರಬೇಕು, ಅಯಸ್ಕಾಂತ ಉದುರಿರಬೇಕು, ಸ್ವಿಚ್ಚು ಕೆಟ್ಟಿರಬೇಕು, ಇಲ್ಲವೇ ಇಲಿ ವಾಯರು ಕಡಿದಿರಬೇಕು. ಕೊಕ್ಕೆ ಮುರಿದದ್ದು ಕಣ್ಣಿಗೇ ಕಾಣುತ್ತದೆ. ಅದನ್ನು ಅಂಟು ಹಚ್ಚಿ ಕೂಡಿಸಬೇಡಿ, ಹೊಸದು ತರಿಸಿ. ಸ್ವಿಚ್ಚು, ವಾಯರುಗಳ ಪರೀಕ್ಷೆ ತಿಳಿದವರ ಕೆಲಸ. ಪ್ಲಗ್ಗು ಕಿತ್ತ ಮೇಲೂ ಮೋಟಾರಿನ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಹಿಂಬದಿಯ ತಗಡು ಬಿಚ್ಚಿ ಕೈಹಾಕುವ ಸಾಹಸ ಬೇಡ. ರಿಪೇರಿಯವರ ಬಳಿ ಮಲ್ಟಿಮೀಟರ್ ಇರುತ್ತದೆ. ಸ್ವಿಚ್ಚನ್ನು ಒತ್ತಿದಾಗ ಅದು 'ಬೀಪ್' ಎಂದು, ಬಿಟ್ಟಾಗ ಸುಮ್ಮನಾದರೆ ಸ್ವಿಚ್ಚು ಸರಿಯಿದೆ. ಒತ್ತಿದರೂ ಸುಮ್ಮನಿದ್ದರೆ ಬದಲಿಸಬೇಕು. "ಒಮ್ಮೆ ನಮ್ಮ ಎದುರಿಗೇ ಚೆಕ್ ಮಾಡಿ ತೋರಿಸ್ರಿ ಅಣ್ಣಾ" ಎಂದು ಕೇಳಲು ಸಂಕೋಚ ಯಾಕೆ? ಬಿಡಿಭಾಗ ಈ ಊರಲ್ಲಿ ಸಿಗುವುದಿಲ್ಲ ಎನ್ನುವುದು ಡೈರೆಕ್ಟ್ ಮಾಡುವವರ ಇನ್ನೊಂದು ನೆಪ. ಮಷೀನಿನ ಹಿಂದಿನ ಚೀಟಿಯಲ್ಲಿರುವ ಮಾಡೆಲ್ ಸಂಖ್ಯೆಯನ್ನು ಪೂರ್ತಿ ಬರೆದುಕೊಂಡು ಸೊಲ್ಲಾಪುರಕ್ಕೋ ವಿಜಯಪುರಕ್ಕೋ ಹೋಗುವವರ ಕೈಯಲ್ಲಿ ಕೊಟ್ಟರೆ ಬೀಗ ಸಿಗುವ ಸಂಭವ ಹೆಚ್ಚು. ಎರಡು ದಿನ ಕೈಯಲ್ಲಿ ಒಗೆದರೆ ಏನೂ ನಷ್ಟವಿಲ್ಲ.

ಬೀಗ ಸರಿಯಾಗಿ ಬೀಳುವುದರಲ್ಲೂ ಒಂದು ಅಪಾಯವಿದೆ. ಚಿಕ್ಕ ಮಕ್ಕಳಿರುವ ಮನೆಯವರು ತಿಳಿದಿರಬೇಕು. ದಕ್ಷಿಣ ಕೊರಿಯಾದಲ್ಲಿ ಮುಂದಿನ ಬಾಗಿಲಿನ ಮಷೀನಿನೊಳಗೆ ಆಟಕ್ಕೆಂದು ಹೊಕ್ಕ ಮಗು ಹೊರಬರಲಾಗದೆ ಉಸಿರುಗಟ್ಟಿ ತೀರಿಕೊಂಡಿತು. ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. 2010ರಲ್ಲಿ ಎಲ್‌ಜಿ ಕಂಪನಿ ಅಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಮಷೀನುಗಳ ಬಾಗಿಲ ಚಿಲಕವನ್ನು ಉಚಿತವಾಗಿ ಬದಲಿಸಲು ಮುಂದಾಯಿತು. ಬೂಷ್ಟು ಹಿಡಿಯದಿರಲೆಂದು ಬಾಗಿಲನ್ನು ಸ್ವಲ್ಪ ತೆರೆದಿಡಿ ಎಂದು ಹೇಳುವುದುಂಟು. ದೊಡ್ಡವರಷ್ಟೇ ಇರುವ ಮನೆಗೆ ಅದು ಒಳ್ಳೆಯ ಸಲಹೆ. ಮೊಮ್ಮಕ್ಕಳು ಬಂದಿರುವ ದಿನಗಳಲ್ಲಿ ರಬ್ಬರನ್ನು ಬಟ್ಟೆಯಿಂದ ಒರೆಸಿ ಬಾಗಿಲು ಹಾಕಿಬಿಡಿ, ಮಷೀನಿರುವ ಕೋಣೆಗೆ ಅಗುಳಿಯನ್ನೂ ಹಾಕಿ.

ರಿಪೇರಿಯವರು ಹಣ ತೆಗೆದುಕೊಂಡು ಹೊರಡುವ ಮುನ್ನ ಒಂದು ಕೆಲಸ ಮಾಡಿಸಿ. ಮಷೀನನ್ನು ಖಾಲಿ ಇಟ್ಟು ಹಿಂಡುವುದಕ್ಕೆ ಹಚ್ಚಿ, ಡಬ್ಬಿ ಪೂರ್ತಿ ವೇಗಕ್ಕೆ ಬಂದ ಮೇಲೆ ಮುಚ್ಚಳ ಎತ್ತಲು ಹೇಳಿ. ಬೀಗವಿರುವ ಮಷೀನಾದರೆ ಮುಚ್ಚಳ ಏಳಲೇಬಾರದು. ಸೆಮಿ ಆಟೊಮ್ಯಾಟಿಕ್ ಆದರೆ ಮುಚ್ಚಳ ಎತ್ತಿದ ಕೂಡಲೆ ಮೋಟಾರಿನ ಸದ್ದು ನಿಂತು ಕೆಲವೇ ಸೆಕೆಂಡುಗಳಲ್ಲಿ ಡಬ್ಬಿಯೂ ನಿಲ್ಲಬೇಕು. ಸದ್ದು ನಿಂತರೂ ಡಬ್ಬಿ ಬಹಳ ಹೊತ್ತು ತಿರುಗುತ್ತಲೇ ಇದ್ದರೆ ಬ್ರೇಕು ಸವೆದಿದೆ. ಅದನ್ನೂ ಆಗಲೇ ಬದಲಿಸಿಕೊಳ್ಳಿ.