ಬೆಳೆದವರ ಅಂಗಡಿ, ಬೀದಿಯ ಅಡುಗೆ

ಹಾಪ್‌ಕಾಮ್ಸ್ ಮಳಿಗೆಯ ದರಪಟ್ಟಿಯಲ್ಲಿ ಬೆಂಗಳೂರಿನ ಸುತ್ತಲಿನ ತೋಟಗಳ ಇಡೀ ವರ್ಷ ಇದೆ. ಅದನ್ನು ಓದಿ ಒಲೆ ಹಚ್ಚುವ ಮನೆಗಳು ಇರುವವರೆಗೂ ಆ ಮಳಿಗೆ ಇರುತ್ತದೆ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬರುವವರ ಕೈಯಲ್ಲಿ ಮಡಚಿದ ಬಟ್ಟೆ ಚೀಲವೊಂದು ಇರುತ್ತದೆ. ನಂದಿನಿ ಬೂತಿನಲ್ಲಿ ಹಾಲು ತೆಗೆದುಕೊಂಡು ಅವರು ನೇರ ಹೋಗುವುದು ಪಾರ್ಕಿನ ಮೂಲೆಯ ಹಸಿರು ಮಳಿಗೆಗೆ. ಹಾಲು ಮಾರುವುದು ಹಾಲು ಉತ್ಪಾದಕರ ಸಹಕಾರ ಸಂಘಗಳ ಮಹಾಮಂಡಳ. ತರಕಾರಿ ಮಾರುವುದು ತೋಟಗಾರರ ಸಹಕಾರ ಸಂಘ. ಎರಡು ಹೆಜ್ಜೆ ಅಂತರದಲ್ಲಿ ಎರಡು ಸಹಕಾರಿ ಅಂಗಡಿಗಳು! ಕಾಫಿಯಿಂದ ರಾತ್ರಿಯ ಸಾರಿನವರೆಗೆ ಎಲ್ಲಕ್ಕೂ ಬೇಕಾದದ್ದು ಬೆಳೆದವರದೇ ಅಂಗಡಿಯಿಂದ ಮನೆಗೆ ಬರುವ ಈ ಏರ್ಪಾಡು ಕಣ್ಣಿಗೆ ಎಷ್ಟು ರೂಢಿಯಾಗಿದೆಯೆಂದರೆ, ಅದೊಂದು ದೊಡ್ಡ ಸಾಧನೆ ಎಂದು ನಮಗೆ ಹೊಳೆಯುವುದೇ ಇಲ್ಲ.

ಮಳಿಗೆಯ ಮುಂದಿನ ದರಪಟ್ಟಿ ನೋಡಿ. ಜನವರಿಯಲ್ಲಿ ಅವರೆಕಾಯಿ ಇರುತ್ತದೆ. ಫೆಬ್ರುವರಿ ಬಂತೆಂದರೆ ದ್ರಾಕ್ಷಿ, ಕಲ್ಲಂಗಡಿ. ಏಪ್ರಿಲ್ ಕಳೆಯುವಷ್ಟರಲ್ಲಿ ಮಾವು, ಅದರ ಬೆನ್ನಿಗೇ ಹಲಸು. ಮಳೆ ಹಿಡಿದ ಮೇಲೆ ಕೊಡಗಿನ ಕಡೆಯ ಬೆಣ್ಣೆಹಣ್ಣು, ಆಮೇಲೆ ಸೀತಾಫಲ. ಇವುಗಳ ನಡುವೆ ವರ್ಷವಿಡೀ ಸೀಮೆಬದನೆ, ನುಗ್ಗೆ, ದಂಟು, ಸಬ್ಬಸಿಗೆ, ಕೀರೆ. ಇಂದು ಏನು ಅಡುಗೆ ಎಂಬ ಪ್ರಶ್ನೆಯನ್ನು ಮನೆಯಲ್ಲಿ ಕೇಳುವ ಬದಲು ಇಲ್ಲಿ ಬಂದು ಕೇಳುವವರೇ ಈ ಅಂಗಡಿಯ ನಿಜವಾದ ಗಿರಾಕಿಗಳು. “ಅಮ್ಮಾ, ಇವತ್ತು ಸೊಗಡಿನ ಅವರೆಕಾಯಿ ಬಂದಿದೆ, ಬೇಗ ತಗೊಳ್ಳಿ, ಹತ್ತು ಗಂಟೆಗೆ ಇರಲ್ಲ” ಎಂಬ ಒಂದು ಮಾತಿಗೆ ಆ ದಿನದ ಅಡುಗೆ ಬದಲಾಗಿಬಿಡುತ್ತದೆ.

ದ್ರಾಕ್ಷಿಯಿಂದ ಹುಟ್ಟಿದ ಅಂಗಡಿ

ಕರ್ನಾಟಕದ ನೆಲಕ್ಕೆ ಸಹಕಾರ ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಶಿರಸಿಯ ಅಡಿಕೆ ಬೆಳೆಗಾರರು 1923ರಲ್ಲಿ ಕಟ್ಟಿಕೊಂಡ ತೋಟಗಾರರ ಸಂಘ ಟಿಎಸ್‌ಎಸ್, ಇಂದು ಅಡಿಕೆ ವ್ಯಾಪಾರದ ಜೊತೆಗೆ ಸೂಪರ್ ಮಾರ್ಕೆಟ್ಟನ್ನೂ ನಡೆಸುತ್ತದೆ. ಆದರೆ ಅಡಿಕೆ ಕೂಡಿಡಬಹುದಾದ ಸರಕು. ಹಣ್ಣು–ತರಕಾರಿ ಹಾಗಲ್ಲ. ಬೆಳಿಗ್ಗೆ ಕಿತ್ತ ದ್ರಾಕ್ಷಿ ಸಂಜೆಗೆ ಮಾರದಿದ್ದರೆ ಬೆಳೆದವನ ಕೈ ಕಟ್ಟಿಹಾಕಿದಂತೆಯೇ. ಸಂತೆಯಲ್ಲಿ ದಲ್ಲಾಳಿ ಹೇಳಿದ್ದೇ ದರ. ಕಮಿಷನ್ನು, ಹಮಾಲಿ, ‘ಸೂಟು’ ಎಂದು ತೂಕದಲ್ಲಿ ಕಳೆಯುವ ಕೆಜಿಗಳು, ಇಷ್ಟೆಲ್ಲ ಕಳೆದು ಉಳಿದದ್ದು ರೈತನದು.

ಈ ಕಟ್ಟು ಬಿಡಿಸಲು 1959ರಲ್ಲಿ ಬೆಂಗಳೂರಿನ ಸುತ್ತಲಿನ ದ್ರಾಕ್ಷಿ ಬೆಳೆಗಾರರು ಒಂದು ಸಹಕಾರ ಸಂಘ ಮಾಡಿಕೊಂಡರು. ಅದರ ಹಿಂದೆ ನಿಂತವರು ತೋಟಗಾರಿಕೆ ತಜ್ಞ ಡಾ. ಎಂ.ಎಚ್. ಮರಿಗೌಡರು. ಹಾರ್ವರ್ಡ್‌ನಲ್ಲಿ ಓದಿ ಬಂದು ಲಾಲ್‌ಬಾಗಿನಲ್ಲಿ ಕೂತ ಈ ಮನುಷ್ಯ, ಗಿಡ ನೆಡಿಸುವುದು ಅರ್ಧ ಕೆಲಸ, ಬೆಳೆದದ್ದನ್ನು ಮಾರಿಸುವುದು ಇನ್ನರ್ಧ ಎಂದು ತಿಳಿದು ನಡೆದವರು. ದ್ರಾಕ್ಷಿಗಾಗಿ ಹುಟ್ಟಿದ ಸಂಘ ಬರಬರುತ್ತ ಎಲ್ಲ ಹಣ್ಣು, ಎಲ್ಲ ತರಕಾರಿಗೂ ಕೈಚಾಚಿತು. ತೋಟಗಾರಿಕೆ ಉತ್ಪಾದಕರ ಸಹಕಾರ ಮಾರಾಟ ಮತ್ತು ಸಂಸ್ಕರಣ ಸಂಘ ಎಂಬ ಉದ್ದ ಹೆಸರು ಹೊತ್ತಿತು, ಜನರ ಬಾಯಲ್ಲಿ ಹಾಪ್‌ಕಾಮ್ಸ್ ಆಯಿತು.

ಅದರ ನಡೆ ಸರಳ. ಸದಸ್ಯ ರೈತರು ಖರೀದಿ ಕೇಂದ್ರಕ್ಕೆ ಮಾಲು ತರುತ್ತಾರೆ, ಅಲ್ಲಿ ಕಣ್ಣೆದುರೇ ತೂಕ. ದಿನದ ದರ ಸಂಘದ್ದು. ಬೆಳಗಾಗುತ್ತಲೇ ಲಾರಿಗಳು ಮಳಿಗೆಗಳಿಗೆ ಹೊರಡುತ್ತವೆ. ಜಯನಗರದಲ್ಲಿ ಬೀನ್ಸಿಗೆ ಏನು ದರವೋ ಮಲ್ಲೇಶ್ವರದಲ್ಲೂ ಅದೇ ದರ, ಮಳಿಗೆಯವರ ಇಷ್ಟಕ್ಕೆ ಬದಲಾಗುವುದಿಲ್ಲ. ಚೌಕಾಸಿ ಮಾಡಿ ಅಭ್ಯಾಸವಾದವರಿಗೆ ಇದು ಸಪ್ಪೆ ಎನಿಸಬಹುದು. ಚೌಕಾಸಿ ಬಾರದ ವಯಸ್ಸಾದವರಿಗೆ, ಊರಿಗೆ ಹೊಸಬರಿಗೆ ಆ ದರಪಟ್ಟಿ ಕೊಡುವ ಧೈರ್ಯ ದೊಡ್ಡದು.

ಹುಟ್ಟಿಗೆ ಕಾರಣವಾದ ದ್ರಾಕ್ಷಿಯನ್ನು ಸಂಘ ಮರೆತಿಲ್ಲ. ಬೆಂಗಳೂರು ನೀಲಿ ಎಂಬ ಬೀಜದ ದ್ರಾಕ್ಷಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆಯ ತಳಿ, ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ತಿನ್ನಲು ಬೀಜ ಅಡ್ಡ, ಸಿಪ್ಪೆ ದಪ್ಪ. ರಸಕ್ಕೆ ಮಾತ್ರ ಅದರ ಸಮ ಇನ್ನೊಂದಿಲ್ಲ. ಲಾಲ್‌ಬಾಗಿಗೆ ಹೋದವರು ಹಾಪ್‌ಕಾಮ್ಸ್ ಜ್ಯೂಸ್ ಕುಡಿಯದೆ ಬರುವುದು ಕಡಿಮೆ. ಮನೆಯಲ್ಲೂ ಇದು ಸುಲಭ: ಒಂದು ಕೆಜಿ ದ್ರಾಕ್ಷಿಯನ್ನು ಉಪ್ಪು ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಕಾಲು ಲೀಟರ್ ನೀರಿನೊಂದಿಗೆ ಸಣ್ಣ ಉರಿಯಲ್ಲಿಡಿ. ಸಿಪ್ಪೆ ಬಿರಿದು ಬಣ್ಣ ಬಿಟ್ಟ ಮೇಲೆ ಸೌಟಿನ ಹಿಂಬದಿಯಿಂದ ಮಸೆಯಿರಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಒಗರು. ತೆಳು ಬಟ್ಟೆಯಲ್ಲಿ ಸೋಸಿ, ಬಿಸಿ ಇರುವಾಗಲೇ ಸಕ್ಕರೆ ಕರಗಿಸಿ, ಆರಿದ ಮೇಲೆ ಚಿಟಿಕೆ ಉಪ್ಪು. ಕುಡಿಯುವಾಗ ಸಮ ಪಾಲು ತಣ್ಣೀರು ಸೇರಿಸಿ.

ಮೇಳ ಎಂದರೆ ಬರೀ ರಿಯಾಯಿತಿಯಲ್ಲ

ಫೆಬ್ರುವರಿಯಲ್ಲೋ ಮಾರ್ಚಿನಲ್ಲೋ ದ್ರಾಕ್ಷಿ–ಕಲ್ಲಂಗಡಿ ಮೇಳ, ಬೇಸಿಗೆಯ ನಡುವೆ ಮಾವು–ಹಲಸು ಮೇಳ. ಹಾಪ್‌ಕಾಮ್ಸ್‌ನ ಈ ಎರಡು ಮೇಳಗಳಿಗೆ ಪತ್ರಿಕೆಗಳಲ್ಲಿ ಸಿಗುವ ಶೀರ್ಷಿಕೆ ಸಾಮಾನ್ಯವಾಗಿ ರಿಯಾಯಿತಿಯದು. ನನ್ನ ದೃಷ್ಟಿಯಲ್ಲಿ ಮೇಳದ ದೊಡ್ಡ ಉಪಕಾರ ಅದಲ್ಲ. ಒಂದೇ ಮೇಜಿನ ಮೇಲೆ ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ, ಮಲಗೋಬಾ, ತೋತಾಪುರಿ ಸಾಲಾಗಿ ಕೂತಾಗ ಮಕ್ಕಳಿಗೆ ಮಾವು ಎಂಬುದು ಒಂದೇ ಹಣ್ಣಲ್ಲ ಎಂದು ತಿಳಿಯುತ್ತದೆ. ರಸಪುರಿ ಸೀಕರಣೆಗೆ, ಬಾದಾಮಿ ಹೋಳು ಮಾಡಿ ತಿನ್ನಲು, ಮಲಗೋಬಾ ಕಾದು ತಿನ್ನುವವರಿಗೆ ಎಂಬ ತಿಳಿವಳಿಕೆ ಬಾಯಿಂದ ಬಾಯಿಗೆ ದಾಟುವುದು ಅಲ್ಲೇ, ಸಾಲಿನಲ್ಲಿ ನಿಂತ ಅಪರಿಚಿತರ ನಡುವೆ.

ಲಾಲ್‌ಬಾಗಿನಲ್ಲಿ ಮಾವು ಅಭಿವೃದ್ಧಿ ನಿಗಮ ನಡೆಸುವ ಮೇಳದಲ್ಲಂತೂ ಬೆಳೆದವರೇ ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುತ್ತಾರೆ. ಕಾರ್ಬೈಡ್ ಹಾಕದೆ ಹುಲ್ಲಿನಲ್ಲಿ ಮಾಗಿಸಿದ ಹಣ್ಣಿನ ವಾಸನೆ ಏನೆಂದು ಅಲ್ಲಿ ಮೂಸಿಯೇ ಕಲಿಯಬೇಕು. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಸಹಜ ಸಮೃದ್ಧದವರು ನಡೆಸುವ ಹಲಸಿನ ಮೇಳ, ಗೆಡ್ಡೆ–ಗೆಣಸು ಮೇಳಗಳದ್ದೂ ಇದೇ ದಾರಿ: ತಳಿ ತೋರಿಸು, ತಿನ್ನಿಸು, ಮಾಡುವ ಬಗೆ ಹೇಳು, ಆಮೇಲೆ ಮಾರು. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದೇ ಒಂದು ಮರದಿಂದ ಹೊರಬಂದ ಕೆಂಪು ತೊಳೆಯ ಸಿದ್ದು ಹಲಸು ಇಂದು ಹೆಸರುವಾಸಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕಸಿ ಗಿಡ ಮಾಡಿಕೊಟ್ಟಿತು, ಸರಿ. ಅದರ ರುಚಿಯನ್ನು ಊರೂರಿಗೆ ಮುಟ್ಟಿಸುವುದು ಇಂಥ ಮೇಳಗಳಲ್ಲಿ ತೊಳೆ ಬಾಯಿಗಿಟ್ಟವರ ಮಾತು.

ಹಲಸು ಕೊಂಡವರು ಬೀಜ ಎಸೆಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಕರಾವಳಿಯ ಮನೆಗಳಲ್ಲಿ ಹರಿವೆ ದಂಟು, ಹಲಸಿನ ಬೀಜ ಎರಡೂ ಕೂಡಿದರೆ ಮಳೆಗಾಲದ ಹುಳಿ. ಬೀಜದ ಬಿಳಿ ಹೊರಪೊರೆ ತೆಗೆದು, ಜಜ್ಜಿ, ಮೊದಲು ಬೇಯಲು ಇಡಿ. ಅರ್ಧ ಬೆಂದ ಮೇಲೆ ನಾರು ತೆಗೆದ ದಂಟಿನ ತುಂಡು, ಉಪ್ಪು, ಬೆಲ್ಲದ ಚೂರು, ಹುಣಸೆ ರಸ. ಹುರಿದ ಒಣಮೆಣಸು, ಕೊತ್ತಂಬರಿ ಬೀಜವನ್ನು ತೆಂಗಿನ ತುರಿಯೊಂದಿಗೆ ನುಣ್ಣಗೆ ರುಬ್ಬಿ ಹಾಕಿ ಕುದಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಕುಚ್ಚಲಕ್ಕಿ ಅನ್ನವಿದ್ದರೆ ಬೇರೇನೂ ಬೇಡ.

ಅವರೆಕಾಯಿಯ ಎರಡು ತಿಂಗಳು

ಹಳೆ ಮೈಸೂರಿನ ಅಡುಗೆಮನೆಗೆ ಅವರೆಕಾಯಿ ಕಾಲವೇ ಹಬ್ಬ. ಮಾಗಿಯ ಇಬ್ಬನಿ ಬಿದ್ದ ಸೊಗಡಿನ ಕಾಯಿ ಅಂಗೈಗೆ ಎಣ್ಣೆ ಅಂಟಿಸಬೇಕು, ಸೋಪು ಹಾಕಿದರೂ ವಾಸನೆ ಹೋಗಬಾರದು. ಅದು ಒಳ್ಳೆಯ ಕಾಯಿಯ ಗುರುತು. ಎರಡು ಕೆಜಿ ತಂದರೆ ಸುಲಿಯಲು ಒಬ್ಬರಿಗೆ ಸಾಧ್ಯವಿಲ್ಲ. ಟೀವಿ ಮುಂದೆ ಮೊರ ಇಟ್ಟುಕೊಂಡು ಅತ್ತೆ, ಸೊಸೆ, ಪಕ್ಕದ ಮನೆಯವರು, ಶಾಲೆಯಿಂದ ಬಂದ ಮಕ್ಕಳು ಎಲ್ಲರೂ ಕೈಹಾಕಲೇಬೇಕು. ಸುಲಿದ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಹೆಬ್ಬೆರಳು–ತೋರುಬೆರಳ ನಡುವೆ ಹಿತುಕಿದರೆ ಸಿಪ್ಪೆಯಿಂದ ಬೇಳೆ ಚಂಗನೆ ಹಾರಿ ಬರುತ್ತದೆ.

ಹಿತುಕಿದ ಬೇಳೆ ಸಾರಿಗೆ ಮಸಾಲೆ ಹೀಗೆ: ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ. ಅದಕ್ಕೆ ತೆಂಗಿನ ತುರಿ, ಕೊತ್ತಂಬರಿ ಸೊಪ್ಪು, ಧನಿಯಾ ಪುಡಿ, ಚಕ್ಕೆ, ಎರಡು ಲವಂಗ, ಹುರಿದ ಗಸಗಸೆ ಸೇರಿಸಿ ರುಬ್ಬಿ. ಒಗ್ಗರಣೆಯಲ್ಲಿ ಈರುಳ್ಳಿ, ಟೊಮೆಟೊ ಬಾಡಿಸಿ, ಹಿತುಕಿದ ಬೇಳೆ ಹಾಕಿ, ಅರಿಶಿನ, ನೀರು ಬಿಟ್ಟು ಬೇಯಿಸಿ. ಬೇಳೆ ಬೆರಳಿಗೆ ಮೆತ್ತಗಾಗಬೇಕು, ಒಡೆಯಬಾರದು. ಆಗ ಮಸಾಲೆ, ಉಪ್ಪು. ಕುದಿ ಬಂದ ಮೇಲೆ ಉರಿ ಇಳಿಸಿ ಎಣ್ಣೆ ತೇಲುವವರೆಗೆ ಬಿಡಿ. ಬಿಸಿ ರಾಗಿಮುದ್ದೆಗೆ ತುಪ್ಪದ ಗುಳಿ ತೋಡಿ ಬಡಿಸಿ. ಅಕ್ಕಿರೊಟ್ಟಿಗೂ ಸೈ, ಮರುದಿನದ ದೋಸೆಗೆ ಇನ್ನೂ ರುಚಿ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಸುಲಿದು ಹಿತುಕಿದ ಬೇಳೆ ಈಗ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಕೆಲಸಕ್ಕೆ ಹೋಗುವವರಿಗೆ ಅದು ವರವೇ. ಆದರೆ ಒಳ್ಳೆಯ ಕಾಯಿ ಯಾವುದು, ಹುಳುಕು ಯಾವುದು, ಬಲಿತದ್ದು ಯಾವುದು ಎಂದು ಕೈಗೆ ಗೊತ್ತಾಗುವುದು ಕಾಯಿ ಹಿಡಿದಾಗ ಮಾತ್ರ. ಆ ಗುರುತು ತಿಳಿದ ಗಿರಾಕಿ ಇದ್ದರೆ ಸೊಗಡಿನ ತಳಿ ಬೆಳೆಯುವ ರೈತನಿಗೆ ಬೆಲೆ ಸಿಗುತ್ತದೆ. ಇಲ್ಲದಿದ್ದರೆ ನೋಡಲು ಹಸಿರಾದದ್ದೇ ಮಾರಾಟವಾಗುತ್ತದೆ, ಅವನೂ ಅದನ್ನೇ ಬಿತ್ತುತ್ತಾನೆ.

ಯಾರಿಗೂ ಬೇಡದ ತರಕಾರಿ

ಸೀಮೆಬದನೆಯನ್ನು ಬೆಂಗಳೂರಿನ ನೆಲಕ್ಕೆ ತಂದದ್ದು ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ. ಅಗ್ಗ, ವರ್ಷವಿಡೀ ಸಿಗುತ್ತದೆ, ಬೇಗ ಕೆಡುವುದಿಲ್ಲ. ಹಾಗಾಗಿಯೇ ಮಳಿಗೆಯ ಮೂಲೆಯಲ್ಲಿ ಕಡೆಯವರೆಗೂ ಉಳಿಯುತ್ತದೆ. ಸಾಗು, ಕೂಟು, ಹುಳಿ ಎಲ್ಲಕ್ಕೂ ಅದು ಒದಗುವುದು ಗೊತ್ತು. ಅದರ ಸಿಪ್ಪೆಯ ಚಟ್ನಿ ಮಾಡಿ ನೋಡಿ: ಸಿಪ್ಪೆ ಹೆರೆದು, ಕಡಲೆಬೇಳೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನೊಂದಿಗೆ ಹಸಿವಾಸನೆ ಹೋಗುವವರೆಗೆ ಎಣ್ಣೆಯಲ್ಲಿ ಹುರಿದು, ಹುಣಸೆ, ಬೆಲ್ಲ, ತೆಂಗಿನ ತುರಿ ಹಾಕಿ ತರಿತರಿಯಾಗಿ ರುಬ್ಬಿ, ಸಾಸಿವೆ–ಇಂಗಿನ ಒಗ್ಗರಣೆ.

ಸಹಕಾರಿ ಅಂಗಡಿಯ ಕಷ್ಟ ಹೀಗೆ ಉಳಿದುಹೋಗುವ ತರಕಾರಿಯಲ್ಲೇ ಇದೆ. ಖಾಸಗಿ ಅಂಗಡಿ ತನಗೆ ಬೇಕಾದದ್ದನ್ನು ಆರಿಸಿ ತರುತ್ತದೆ. ರೈತರ ಸಂಘ ಸದಸ್ಯರು ಬೆಳೆದದ್ದನ್ನು ತರಬೇಕು. ಬೆಳೆದದ್ದನ್ನು ಬೇಯಿಸಲು ಬಾರದ ಬಡಾವಣೆಯಲ್ಲಿ ಆ ಅಂಗಡಿ ಬಾಳಲಾರದು. ಮೆಟ್ರೊ ಕಾಮಗಾರಿ, ರಸ್ತೆ ಅಗಲೀಕರಣಕ್ಕೆ ಹಲವು ಮಳಿಗೆಗಳು ಜಾಗ ಬಿಟ್ಟಿವೆ. ಹತ್ತು ನಿಮಿಷದಲ್ಲಿ ಬಾಗಿಲಿಗೆ ತಂದುಕೊಡುವ ಆ್ಯಪ್‌ಗಳ ಜೊತೆ ಹಳೆಯ ಮಳಿಗೆ ವೇಗದಲ್ಲಿ ಗೆಲ್ಲಲಾರದು. 2020ರ ಲಾಕ್‌ಡೌನಿನಲ್ಲಿ ಹಾಪ್‌ಕಾಮ್ಸ್ ವಾಹನಗಳು ಬೀದಿಬೀದಿಗೆ ಬಂದು ನಿಂತದ್ದನ್ನು ನೆನೆಯುವವರು, ಸಂಕಟ ಕಳೆದ ಮೇಲೂ ಮಳಿಗೆಯ ಮೆಟ್ಟಿಲು ಹತ್ತಬೇಕಿತ್ತು.

ಬೇರೆ ಕಡೆ ಗಿರಾಕಿಗಳೇ ಅಂಗಡಿಯ ಒಡೆಯರಾದ ಉದಾಹರಣೆ ಇದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1973ರಲ್ಲಿ ಶುರುವಾದ ಪಾರ್ಕ್ ಸ್ಲೋಪ್ ಸಹಕಾರಿ ದಿನಸಿ ಅಂಗಡಿಯಲ್ಲಿ ಸದಸ್ಯರೇ ಸರದಿಯ ಮೇಲೆ ಬಂದು ಮೂಟೆ ಇಳಿಸುತ್ತಾರೆ, ಬಿಲ್ ಹಾಕುತ್ತಾರೆ. ನಮ್ಮಲ್ಲಿ ಬೆಳೆಗಾರ ಒಡೆಯ, ಕೊಳ್ಳುವವರು ಹೊರಗಿನವರು. ಇಬ್ಬರನ್ನೂ ಒಂದೇ ಕಡೆ ಕೂರಿಸುವ ದಾರಿ ಅಡುಗೆಯದು ಎಂದು ನಾನು ಬಲವಾಗಿ ನಂಬಿದ್ದೇನೆ.

ತೋತಾಪುರಿಯನ್ನೇ ತೆಗೆದುಕೊಳ್ಳಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಬೆಳೆಯುವ ಈ ಗಿಣಿಮೂತಿ ಮಾವು ಬಹುಪಾಲು ಹೋಗುವುದು ಚಿತ್ತೂರಿನ ತಿರುಳು ಕಾರ್ಖಾನೆಗಳಿಗೆ. 2025ರ ಜೂನಿನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ತಡೆ ಹಾಕಿದಾಗ ಕೋಲಾರದ ಬೆಳೆಗಾರರು ಬೀದಿಗಿಳಿಯಬೇಕಾಯಿತು, ಕೇಂದ್ರ ಸರ್ಕಾರ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಬೇಕಾಯಿತು. ಒಂದು ಇಡೀ ಜಿಲ್ಲೆಯ ಹಣ್ಣು ಪಕ್ಕದ ರಾಜ್ಯದ ಕಾರ್ಖಾನೆಯ ಬಾಗಿಲಿಗೆ ಕಾದು ನಿಲ್ಲುವಾಗ, ಅದೇ ಕಾಯಿಯ ಚಿತ್ರಾನ್ನ ಎಷ್ಟು ಮನೆಗಳಲ್ಲಿ ಆಗುತ್ತದೆ? ಬೆಂಗಳೂರಿನ ಮನೆಗಳೆಲ್ಲ ಸೇರಿದರೂ ಕಾರ್ಖಾನೆಯಷ್ಟು ಕೊಳ್ಳಲಾರವು ನಿಜ. ಸಣ್ಣ ಹಿಡುವಳಿಯವನ ನಾಲ್ಕು ಕ್ರೇಟ್ ಕಾಯಿಗೆ ಮಾತ್ರ ಆ ವ್ಯಾಪಾರ ದೊಡ್ಡದೇ.

ನಿಮ್ಮ ಬೀದಿಯ ಮಳಿಗೆಯ ಪಕ್ಕ ಒಂದು ಭಾನುವಾರ ಮೇಜು ಹಾಕಿ, ಮಳಿಗೆಯವರನ್ನೂ ಕರೆಯಿರಿ. ಆ ವಾರ ಬಂದದ್ದರಲ್ಲಿ ಒಂದೇ ಅಡುಗೆ, ನಾಲ್ಕು ಮನೆಗಳ ನಾಲ್ಕು ಬಗೆ. ಸಾಧ್ಯವಾದರೆ ಆ ತರಕಾರಿ ಬೆಳೆದ ರೈತರೊಬ್ಬರೂ ಜೊತೆಗಿರಲಿ. ಮಾಡಿದ ಬಗೆಯನ್ನು ಒಂದು ಹಾಳೆಯಲ್ಲಿ ಬರೆದು ದರಪಟ್ಟಿಯ ಪಕ್ಕ ಅಂಟಿಸಿ. ಮೊದಲ ಸಲಕ್ಕೆ ಮೇ ತಿಂಗಳಿರಲಿ, ಕಾಯಿ ತೋತಾಪುರಿಯೇ ಇರಲಿ: ಎರಡು ಕಾಯಿ ತುರಿದು, ತೆಂಗಿನ ತುರಿ, ಒಂದು ಚಮಚ ಸಾಸಿವೆ, ಒಣಮೆಣಸಿನಕಾಯಿ ನೀರಿಲ್ಲದೆ ರುಬ್ಬಿ, ಕಡಲೆಕಾಯಿ ಬೀಜದ ಒಗ್ಗರಣೆಗೆ ಅರ್ಧ ಮಾವಿನ ತುರಿಯ ಜೊತೆ ಹಾಕಿ ಬಾಡಿಸಿ. ಉಳಿದರ್ಧವನ್ನು ಒಲೆ ಆರಿಸಿದ ಮೇಲೆ ಹಸಿಯಾಗಿಯೇ ಬೆರೆಸಿ, ಉದುರು ಅನ್ನಕ್ಕೆ ಕಲಸಿ. ಬಡಿಸುವ ಮುಂಚೆ ಅರ್ಧ ಗಂಟೆ ಮುಚ್ಚಿಡಿ, ಹುಳಿ ಅನ್ನಕ್ಕೆ ಹಿಡಿಯಬೇಕು.