ಗಡಿ ಬಂದ್ ಆದರೆ ಗುತ್ತಲದ ಉದ್ರಿ ಪುಸ್ತಕದಲ್ಲಿ ಏನಾಗುತ್ತೆ?

"ಸರ್, ಬಾಂಗ್ಲಾದೇಶದ ಗಡಿ ಮುಚ್ಚಿದ್ರ ನಮಗೇನಾಗ್ತೈತ್ರಿ? ನಾವು ಮಾರೋದು ರಾಣೆಬೆನ್ನೂರಿನ್ಯಾಗ." ಗುತ್ತಲ ಕಡೆಯ ಯುವ ರೈತರು ನನ್ನನ್ನು ಪದೇ ಪದೇ ಕೇಳೋ ಪ್ರಶ್ನೆ ಇದು.

ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ನಮ್ಮ ಉಳ್ಳಾಗಡ್ಡಿ ಹೋಗೋದು ರಾಣೆಬೆನ್ನೂರು, ಹುಬ್ಬಳ್ಳಿ, ಹೆಚ್ಚೆಂದರೆ ಬೆಂಗಳೂರಿನ ಯಶವಂತಪುರ. ಒಣಮೆಣಸಿನಕಾಯಿ ಬ್ಯಾಡಗಿಗೆ. ಗೋವಿನಜೋಳ ಹಾವೇರಿಗೋ ರಾಣೆಬೆನ್ನೂರಿಗೋ. ನಾವು ನೋಡೋದು ಅಲ್ಲಿಯವರೆಗೆ ಮಾತ್ರ. ಆದರೆ ಅಲ್ಲಿ ಟೆಂಡರ್ ಹಾಕುವ ಖರೀದಿದಾರ ಮಾಲನ್ನು ಎಲ್ಲಿಗೆ ಕಳಿಸಬಲ್ಲ ಅನ್ನೋದನ್ನು ನೋಡಿಯೇ ದರ ಬರೀತಾನೆ. ಅವನ ದಾರಿ ಮುಚ್ಚಿದ ದಿನ ನಮ್ಮ ಲಾಟಿನ ದರವೂ ಇಳಿಯುತ್ತೆ. ಆಮೇಲೆ ಆ ಪೆಟ್ಟು ಗುತ್ತಲದ ಗೊಬ್ಬರದ ಅಂಗಡಿಯ ಉದ್ರಿ ಪುಸ್ತಕದವರೆಗೂ ಬರುತ್ತೆ.

ಇದನ್ನು ಮೊದಲೇ ತಿಳಿದುಕೊಂಡರೆ ಬಿತ್ತನೆಗೆ ಮುಂಚೆಯೇ ಕೆಲವು ತೀರ್ಮಾನ ಮಾಡಬಹುದು.

ಮೂರು ಥರದ ಬಂದ್

ಗಡಿ ಮುಚ್ಚೋದು ಅಂದರೆ ಬರೀ ಗೇಟು ಹಾಕೋದಲ್ಲ. ನಾನು ಕಂಡ ಹಾಗೆ ಅದು ಮೂರು ಥರ.

ಒಂದು, ರಸ್ತೆಯೇ ಬಂದ್. 2020ರ ಲಾಕ್‌ಡೌನ್ ಇದಕ್ಕೆ ಉದಾಹರಣೆ.
ಎರಡು, ಕಾಗದದಲ್ಲಿ ಬಂದ್. ರಸ್ತೆ ತೆರೆದೇ ಇರುತ್ತೆ, ಸರ್ಕಾರ ರಫ್ತು ನಿಷೇಧಿಸುತ್ತೆ ಅಥವಾ ಸುಂಕ ಹಾಕುತ್ತೆ.
ಮೂರು, ಆಚೆ ಕಡೆಯ ಬಂದ್. ನಾವು ಕಳಿಸೋಕೆ ತಯಾರಿದ್ದರೂ ಕೊಳ್ಳುವ ದೇಶ ಕೊಳ್ಳೋದಿಲ್ಲ, ಅಥವಾ ದುಡ್ಡು ಕೊಡೋಕಾಗಲ್ಲ.

ಮೂರಕ್ಕೂ ಮುನ್ಸೂಚನೆ ಬೇರೆ, ಉಪಾಯ ಬೇರೆ.

ಕಾಗದದ ಬಂದ್: ಉಳ್ಳಾಗಡ್ಡಿ

ಈ ತಾರೀಖುಗಳನ್ನು ಒಮ್ಮೆ ನೋಡಿ.

2019ರ ಸೆಪ್ಟೆಂಬರ್ 29: ರಫ್ತು ನಿಷೇಧ. ತೆರವಾದದ್ದು 2020ರ ಮಾರ್ಚ್ 15ಕ್ಕೆ.
2020ರ ಸೆಪ್ಟೆಂಬರ್ 14: ಮತ್ತೆ ನಿಷೇಧ. ತೆರವಾದದ್ದು 2021ರ ಜನವರಿ 1ಕ್ಕೆ.
2023ರ ಆಗಸ್ಟ್ 19: ಶೇ 40 ರಫ್ತು ಸುಂಕ. ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ದರ. ಡಿಸೆಂಬರ್ 8ಕ್ಕೆ ಪೂರ್ತಿ ನಿಷೇಧ.
2024ರ ಮೇ 4: ನಿಷೇಧ ತೆರವು, ಆದರೆ 550 ಡಾಲರ್ ಕನಿಷ್ಠ ದರ ಮತ್ತು ಶೇ 40 ಸುಂಕದ ಜೊತೆ. ಸೆಪ್ಟೆಂಬರ್‌ನಲ್ಲಿ ಕನಿಷ್ಠ ದರ ಹೋಯಿತು, ಸುಂಕ ಶೇ 20ಕ್ಕೆ ಇಳಿಯಿತು. ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ.

ಮೂರೂ ನಿಷೇಧ ಬಂದದ್ದು ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ. ಇದು ಆಕಸ್ಮಿಕ ಅಲ್ಲ. ಮಹಾರಾಷ್ಟ್ರದ ರೈತರು ಬೇಸಿಗೆಯಲ್ಲಿ ತೆಗೆದು ಶೇಖರಿಸಿಟ್ಟ ಉಳ್ಳಾಗಡ್ಡಿ ಆ ಹೊತ್ತಿಗೆ ಮುಗೀತಾ ಬರುತ್ತೆ. ಹೊಸ ಮುಂಗಾರು ಬೆಳೆಗೆ ಮಳೆ ಪೆಟ್ಟು ಬಿದ್ದರೆ ಪೇಟೆಯಲ್ಲಿ ದರ ಏರುತ್ತೆ. ಪೇಟೆಯ ಕೂಗು ದಿಲ್ಲಿಗೆ ಕೇಳುತ್ತೆ, ರಫ್ತು ಬಂದ್ ಆಗುತ್ತೆ. ನಮ್ಮ ಮುಂಗಾರು ಉಳ್ಳಾಗಡ್ಡಿ ಮಾರುಕಟ್ಟೆಗೆ ಬರೋದೂ ಅದೇ ತಿಂಗಳುಗಳಲ್ಲಿ. ಅಂದರೆ ನಾವು ನಾಲ್ಕು ಕಾಸು ನೋಡಬಹುದಾದ ಹೊತ್ತಿಗೇ ಬಾಗಿಲು ಬೀಳುತ್ತೆ.

ಇನ್ನೂ ಒಂದು ಮಾತು. ಬೇಸಿಗೆ ಉಳ್ಳಾಗಡ್ಡಿ ತಿಂಗಳುಗಟ್ಟಲೆ ಬಾಳುತ್ತೆ, ಮುಂಗಾರಿನದು ಬಾಳಲ್ಲ. ನೀರಿನಂಶ ಜಾಸ್ತಿ, ಕುತ್ತಿಗೆ ದಪ್ಪ, ಬೇಗ ಕೊಳೆಯುತ್ತೆ ಇಲ್ಲವೇ ಮೊಳಕೆ ಬರುತ್ತೆ. "ನಿಷೇಧ ತೆಗೆಯೋವರೆಗೂ ಇಟ್ಟುಕೋ" ಅಂತ ಗುತ್ತಲದ ರೈತನಿಗೆ ಹೇಳೋದು ಸುಲಭ, ಇಡೋದು ಕಷ್ಟ. 2020ರಲ್ಲಿ ಆದೇಶ ಬಂದ ದಿನವೇ ಜಾರಿಯಾಗಿ ಬಾಂಗ್ಲಾದೇಶದ ಗಡಿಯಲ್ಲಿ ಟ್ರಕ್ಕುಗಳು ಸಾಲುಗಟ್ಟಿ ನಿಂತವು, ಮಾಲು ಅಲ್ಲೇ ಕೊಳೆಯಿತು. ಆ ನಷ್ಟ ತಿಂದ ವ್ಯಾಪಾರಿ ಮುಂದಿನ ಲಾಟಿಗೆ ಕೈ ಬಿಗಿ ಹಿಡಿದೇ ದರ ಬರೀತಾನೆ.

2023ರ ಸಾಲನ್ನು ಮತ್ತೊಮ್ಮೆ ನೋಡಿ: ಆಗಸ್ಟ್‌ನಲ್ಲಿ ಸುಂಕ, ಅಕ್ಟೋಬರ್‌ನಲ್ಲಿ ಕನಿಷ್ಠ ದರ, ಡಿಸೆಂಬರ್‌ನಲ್ಲಿ ನಿಷೇಧ. ಮೆಟ್ಟಿಲು ಮೆಟ್ಟಿಲಾಗಿ ಬಂತು. ಪ್ರತಿ ಸಲ ಹೀಗೇ ಬರುತ್ತೆ ಅಂತ ಹೇಳೋಕಾಗಲ್ಲ. ಆದರೆ ಸುಂಕದ ಸುದ್ದಿ ಬಂದ ದಿನ "ಇದು ಮೊದಲ ಮೆಟ್ಟಿಲು" ಅಂದುಕೊಂಡರೆ ನಷ್ಟವಿಲ್ಲ.

ರಸ್ತೆ ಬಂದ್: 2020

ಆ ವರ್ಷ ಮಾರ್ಚ್ 25ಕ್ಕೆ ದೇಶವೇ ನಿಂತಿತು. ಎರಡೇ ದಿನದಲ್ಲಿ, ಮಾರ್ಚ್ 27ಕ್ಕೆ, ಕೃಷಿ ಕೆಲಸಕ್ಕೆ ಮತ್ತು ಮಂಡಿಗಳಿಗೆ ಕೇಂದ್ರ ವಿನಾಯಿತಿ ಕೊಟ್ಟಿತು. ಆದರೆ ಆದೇಶ ತೆರೆದಷ್ಟು ಬೇಗ ರಸ್ತೆ ತೆರೆಯಲಿಲ್ಲ. ಡ್ರೈವರ್ ಇಲ್ಲ, ಹಮಾಲರಿಲ್ಲ, ದಾರಿಯಲ್ಲಿ ಊಟಕ್ಕೆ ಧಾಬಾ ಇಲ್ಲ, ಗಾಡಿ ಕೆಟ್ಟರೆ ಗ್ಯಾರೇಜ್ ಇಲ್ಲ. ಗೋವಾ ಗಡಿ ಮುಚ್ಚಿ ಬೆಳಗಾವಿ ಕಡೆಯ ತರಕಾರಿ ನಿಂತಿತು. ಕೇರಳದ ಗಡಿಯಲ್ಲಿ ಕೆಲವು ರಸ್ತೆಗಳಿಗೆ ಮಣ್ಣು ಸುರಿದರು. ಕಾಸರಗೋಡು–ಮಂಗಳೂರು ರಸ್ತೆಯ ವಿವಾದ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು.

ಬ್ಯಾಡಗಿಗೆ ರಾಜ್ಯದ ಗಡಿ ಎರಡೂ ಕಡೆಯಿಂದ ಮುಖ್ಯ. ಒಳಗೆ ಬರುವ ಮಾಲಿನಲ್ಲಿ ಬಳ್ಳಾರಿ, ರಾಯಚೂರಿನದರ ಜೊತೆ ಆಂಧ್ರದ್ದೂ ಇರುತ್ತೆ. ಹೊರಗೆ ಹೋಗುವುದರಲ್ಲಿ ದೊಡ್ಡ ಪಾಲು ಮಸಾಲೆ ಕಂಪನಿಗಳಿಗೆ ಮತ್ತು ಬಣ್ಣ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳಿಗೆ. ಅಂಥ ಕಾರ್ಖಾನೆಗಳು ಕೊಚ್ಚಿಯ ಸುತ್ತಮುತ್ತ ಬಹಳ ಇವೆ. ಹಂಗಾಮಿನ ನಡುವೆಯೇ ಬ್ಯಾಡಗಿ ವಹಿವಾಟು ನಿಂತಾಗ ಬರೀ ರೈತ ಕೂರಲಿಲ್ಲ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಚೀಲ ಹೊಲಿಯುವವರು, ತೂಕದವರು, ಚಹಾದ ಅಂಗಡಿಯವರು ಎಲ್ಲರ ದಿನಗೂಲಿ ನಿಂತಿತು.

ಆಗ ಎದ್ದು ಕಂಡದ್ದು ಇದು: ಬೆಳೆ ಎಷ್ಟು ದಿನ ಕಾಯಬಲ್ಲದೋ ರೈತನೂ ಅಷ್ಟೇ ದಿನ ಕಾಯಬಲ್ಲ. ಒಣಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ಕಾಯಿತು. ಗೋವಿನಜೋಳ ಮನೆಯಲ್ಲಿ ಕಾಯಿತು, ಆದರೆ ಕೋಳಿ ತಿಂದರೆ ಕೊರೊನಾ ಅನ್ನೋ ಸುಳ್ಳು ಸುದ್ದಿಗೆ ಕೋಳಿ ಫಾರಂಗಳು ಕುಸಿದು ದರ ಬಿತ್ತು. ಹೂವು ಒಂದು ದಿನವೂ ಕಾಯಲಿಲ್ಲ, ಹೊಲದಲ್ಲೇ ಉಳಿಯಿತು. ರಾಜ್ಯ ಸರ್ಕಾರ ಆ ಮೇ ತಿಂಗಳಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ ₹25,000, ಗೋವಿನಜೋಳದ ರೈತರಿಗೆ ತಲಾ ₹5,000 ಘೋಷಿಸಿತು. ಆಸರೆ ಆಯಿತು ನಿಜ, ಆದರೆ ಅದು ಬೆಳೆಯ ಬೆಲೆ ಅಲ್ಲ.

ಆಚೆ ಕಡೆಯ ಬಂದ್

ಭಾರತದ ಒಣಮೆಣಸಿನಕಾಯಿಗೆ ಚೀನಾ, ಬಾಂಗ್ಲಾದೇಶ, ಶ್ರೀಲಂಕಾ ದೊಡ್ಡ ಗಿರಾಕಿಗಳು. 2022ರಲ್ಲಿ ಶ್ರೀಲಂಕಾದ ಹತ್ತಿರ ಡಾಲರೇ ಖಾಲಿಯಾಯಿತು. ತಿನ್ನುವ ಬಾಯಿ ಇತ್ತು, ಕೊಡುವ ಕೈ ಇರಲಿಲ್ಲ. 2024ರ ಆಗಸ್ಟ್ 5ಕ್ಕೆ ಬಾಂಗ್ಲಾದೇಶದಲ್ಲಿ ಸರ್ಕಾರ ಬಿದ್ದಾಗ ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಗಡಿಯಲ್ಲಿ ಕೆಲವು ದಿನ ವ್ಯಾಪಾರ ನಿಂತಿತು. ತನ್ನ ರೈತರ ಉಳ್ಳಾಗಡ್ಡಿ ಬರೋ ಹೊತ್ತಿಗೆ ಬಾಂಗ್ಲಾದೇಶ ಆಮದು ಪರವಾನಗಿ ನಿಲ್ಲಿಸೋದೂ ಉಂಟು. ನಮ್ಮ ಸರ್ಕಾರ ನಮ್ಮ ಗ್ರಾಹಕನನ್ನು ನೋಡಿದರೆ, ಅವರ ಸರ್ಕಾರ ಅವರ ರೈತನನ್ನು ನೋಡುತ್ತೆ. ಎರಡರ ನಡುವೆ ಸಿಕ್ಕೋದು ನಮ್ಮ ಚೀಲ.

ಹಾಗಂತ ದರ ಬಿದ್ದಾಗಲೆಲ್ಲ ಗಡಿಯನ್ನೇ ದೂರಬೇಡಿ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ಗಲಾಟೆಯಾಗಿ, ವಾಹನಗಳಿಗೆ ಬೆಂಕಿ ಬಿತ್ತು. ಅಂದು ಯಾವ ಗಡಿಯೂ ಮುಚ್ಚಿರಲಿಲ್ಲ. ಲಕ್ಷಗಟ್ಟಲೆ ಚೀಲ ಒಮ್ಮೆಲೇ ಬಂದಿತ್ತು. ಗಡಿ ತೆರೆದಿದ್ದರೂ ಎಲ್ಲರೂ ಒಂದೇ ದಿನ ತಂದರೆ ಬಂದ್ ಆದಷ್ಟೇ ಪೆಟ್ಟು.

ಉದ್ರಿ ಪುಸ್ತಕದ ಲೆಕ್ಕ

ಲೆಕ್ಕಕ್ಕೆ ಹೇಳ್ತೀನಿ. ಒಬ್ಬ ರೈತನ ಹತ್ತಿರ 50 ಕೆಜಿಯ 120 ಚೀಲ ಉಳ್ಳಾಗಡ್ಡಿ, ಅಂದರೆ 60 ಕ್ವಿಂಟಲ್ ಇದೆ ಅಂದುಕೊಳ್ಳಿ. ನಿಷೇಧದ ಸುದ್ದಿಗೆ ಕ್ವಿಂಟಲಿಗೆ ₹500 ಬಿದ್ದರೆ ₹30,000 ಹೋಯಿತು. ಚೀಲದ ರೇಟು, ಗಾಡಿ ಬಾಡಿಗೆ, ಹಮಾಲಿ ಒಂದು ರೂಪಾಯಿಯೂ ಇಳಿಯಲ್ಲ. ಕೈಗೆ ಬರೋ ಪಟ್ಟಿಯಲ್ಲಿ ಕಡಿಮೆಯಾಗೋದು ಅವನ ಪಾಲೇ.

ಆ ₹30,000 ಎಲ್ಲಿಗೆ ಹೋಗಬೇಕಿತ್ತು? ಗೊಬ್ಬರದ ಅಂಗಡಿಯ ಬಾಕಿಗೆ, ಟ್ರ್ಯಾಕ್ಟರ್ ಬಾಡಿಗೆಗೆ, ಮನೆಯ ಕಿರಾಣಿಗೆ. ಅದು ಬರದಿದ್ದರೆ ಅಂಗಡಿಯವನು ತನ್ನ ಸಗಟು ವ್ಯಾಪಾರಿಗೆ ಕೊಡೋಕಾಗಲ್ಲ. ಅವನೂ ಮುಂದಿನ ಹಂಗಾಮಿಗೆ "ಈ ಸಲ ನಗದು ತರ್ರಿ" ಅಂತಾನೆ. ನಗದು ಇಲ್ಲದವನು ಬೀಜ, ಗೊಬ್ಬರಕ್ಕೆ ದಲಾಲರ ಹತ್ತಿರ ಮುಂಗಡ ತಗೋತಾನೆ. ಮುಂಗಡ ತಗೊಂಡವನು ಮುಂದಿನ ಬೆಳೆಯನ್ನು ಅದೇ ಅಡತಿಗೆ, ಅದೇ ದಿನ ಬಿಡಬೇಕು. ದರ ಬರಲಿ, ಕಾಯ್ತೀನಿ ಅನ್ನೋ ಹಕ್ಕು ಅವನಿಗಿರಲ್ಲ. ನಿಷೇಧ ನಾಲ್ಕು ತಿಂಗಳಿಗೆ ಮುಗಿದರೂ ಉದ್ರಿಯ ಕಟ್ಟು ಎರಡು ಹಂಗಾಮು ಎಳೆಯುತ್ತೆ. ಬಂದ್ ಆದ ಗಡಿಯ ಪೂರ್ತಿ ಬೆಲೆ ಇದೇ. ಇದು ಯಾವ ದರಪಟ್ಟಿಯಲ್ಲೂ ಕಾಣಲ್ಲ.

ನೀವು ಮಾಡಬಹುದಾದದ್ದು

1. ಬಿತ್ತೋಕೆ ಮುಂಚೆ ಕೇಳಿ. ನಿಮ್ಮ ದಲಾಲರನ್ನೋ ಖರೀದಿದಾರರನ್ನೋ "ಈ ಮಾಲು ಇಲ್ಲಿಂದ ಎಲ್ಲಿಗೆ ಹೋಗ್ತದ್ರಿ?" ಅಂತ ಕೇಳಿ. ಒಂದೇ ಊರು, ಒಂದೇ ದೇಶದ ಹೆಸರು ಬಂದರೆ ಅಪಾಯ ಜಾಸ್ತಿ ಅಂತ ಬರೆದಿಟ್ಟುಕೊಳ್ಳಿ.

2. ಎಲ್ಲಾ ಎಕರೆಗೂ ಒಂದೇ ಬೆಳೆ ಬೇಡ. ಕಾಯುವ ಬೆಳೆ ಒಂದು, ಕಾಯದ ಬೆಳೆ ಒಂದು ಇರಲಿ. ಉಳ್ಳಾಗಡ್ಡಿಯನ್ನೇ ಹಾಕೋದಾದರೆ ಒಂದೇ ವಾರ ಬಿತ್ತದೆ ಎರಡು-ಮೂರು ಕಂತಿನಲ್ಲಿ ಬಿತ್ತಿ.

3. ನೀರಾವರಿ ಇದ್ದರೆ ಒಂದು ಪಾಲು ಹಿಂಗಾರಿ ಉಳ್ಳಾಗಡ್ಡಿ ಇರಲಿ. ಅರ್ಕಾ ನಿಕೇತನ, ಭೀಮಾ ಶಕ್ತಿಯಂಥ ತಳಿಗಳು ಶೇಖರಣೆಗೆ ಒಳ್ಳೆಯವು. ಕೊಯ್ಲಿಗೆ 10–15 ದಿನ ಮೊದಲು ನೀರು ನಿಲ್ಲಿಸಿ. ಕಿತ್ತ ಮೇಲೆ ಕುತ್ತಿಗೆ ಪೂರ್ತಿ ಒಣಗೋವರೆಗೂ ನೆರಳಲ್ಲಿ ಒಣಗಿಸಿ. ನೆಲದಿಂದ ಎತ್ತರದ, ಗಾಳಿ ಆಡುವ ಶೆಡ್ಡಿನಲ್ಲಿ ಇಡಿ. ಶೆಡ್ಡಿಗೆ ಸಿಗುವ ಸಹಾಯಧನದ ಬಗ್ಗೆ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ.

4. ಮೆಣಸಿನಕಾಯಿ ಚೆನ್ನಾಗಿ ಒಣಗಿಸಿಯೇ ಕೋಲ್ಡ್ ಸ್ಟೋರೇಜ್‌ಗೆ ಹಾಕಿ. ಹಸಿ ಉಳಿದರೆ ಬಣ್ಣ ಹೋಗುತ್ತೆ, ಬೂಸಲು ಬರುತ್ತೆ. ಬ್ಯಾಡಗಿ ಮೆಣಸಿನಕಾಯಿಗೆ ದರ ಕೊಡಿಸೋದೇ ಬಣ್ಣ.

5. ಕಾಯೋಕೆ ದುಡ್ಡು ಬೇಕು. ಮಾನ್ಯತೆ ಇರುವ ಗೋದಾಮಿನಲ್ಲಿ ಮಾಲು ಇಟ್ಟರೆ ಸಿಗೋ ಎಲೆಕ್ಟ್ರಾನಿಕ್ ರಸೀದಿಯ ಮೇಲೆ ಬ್ಯಾಂಕ್ ಸಾಲ ಕೊಡುತ್ತೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಕೊಯ್ಲಿನ ನಂತರ ಆರು ತಿಂಗಳವರೆಗೆ ಬಡ್ಡಿ ರಿಯಾಯಿತಿಯೂ ಉಂಟು. ಎಪಿಎಂಸಿಯಲ್ಲಿ ಅಡಮಾನ ಸಾಲದ ಷರತ್ತು ಕೇಳಿ.

6. ಫೋನನ್ನು ದುಡಿಸಿಕೊಳ್ಳಿ. ದರಕ್ಕೆ ಕೃಷಿ ಮಾರಾಟ ವಾಹಿನಿ ನೋಡಿ. ರಫ್ತಿನ ಆದೇಶ ಹೊರಡಿಸೋದು ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ. ಸುಂಕ ಹಾಕೋದು ಹಣಕಾಸು ಸಚಿವಾಲಯ. ಗ್ರೂಪಿನಲ್ಲಿ "ರಫ್ತು ಬಂದ್" ಅಂತ ಮೆಸೇಜ್ ಬಂದರೆ ಡಿಜಿಎಫ್‌ಟಿ ವೆಬ್‌ಸೈಟಿನಲ್ಲಿ ತಾರೀಖು ನೋಡಿಕೊಳ್ಳಿ. ಹಳೇ ಆದೇಶವನ್ನು ತೋರಿಸಿ ದರ ಇಳಿಸೋರೂ ಇದ್ದಾರೆ.

7. ಸುದ್ದಿ ಬಿಸಿ ಇರುವಾಗ ಎಲ್ಲಾ ಮಾಲನ್ನೂ ಒಂದೇ ದಿನ ಗಾಡಿಗೆ ಹೇರಬೇಡಿ. ಬಾಕಿಗೆ ಬೇಕಾದಷ್ಟು ಮಾರಿ, ಬಾಳುವ ಮಾಲನ್ನು ಉಳಿಸಿ. ಬಾಳದ ಮಾಲಾದರೆ ಕಾಯಬೇಡಿ, ಸಿಕ್ಕ ದರಕ್ಕೆ ಬಿಡಿ.

8. ದುಡ್ಡು ಬಾಕಿ ಬಿಡಬೇಡಿ. ಗಡಿ ಅಲುಗಾಡುವಾಗ ಖರೀದಿದಾರನ ದುಡ್ಡೂ ಎಲ್ಲೋ ಸಿಕ್ಕಿಬಿದ್ದಿರುತ್ತೆ. ಪಟ್ಟಿ ಬರೆಸಿಕೊಳ್ಳಿ, ಹಣ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ.

ನಿಷೇಧ ಹಾಕೋದು, ತೆಗೆಯೋದು ನಮ್ಮ ಕೈಯಲ್ಲಿಲ್ಲ. ಹಂಗಾಮಿನ ಮುಂಚೆಯೇ ಉದ್ರಿ ಕಡಿಮೆ ಮಾಡಿಕೊಳ್ಳೋದು ಒಂದಿಷ್ಟು ನಮ್ಮ ಕೈಯಲ್ಲಿದೆ. ಈ ವಾರ ಒಂದು ಹಾಳೆ ತಗೊಂಡು ಮೂರು ಸಾಲು ಬರೆಯಿರಿ: ನನ್ನ ಬೆಳೆ ಎಲ್ಲಿಗೆ ಹೋಗುತ್ತೆ, ಎಷ್ಟು ದಿನ ಕಾಯುತ್ತೆ, ಕೊಯ್ಲಿನ ದಿನ ನಾನು ಯಾರಿಗೆ ಎಷ್ಟು ಕೊಡಬೇಕಿರುತ್ತೆ. ಮೂರನೇ ಸಾಲಿನ ಮೊತ್ತ ದೊಡ್ಡದಿದ್ದು ಎರಡನೇ ಸಾಲಿನ ದಿನ ಕಡಿಮೆ ಇದ್ದರೆ, ಈ ಸಲ ಆ ಬೆಳೆಯ ಎಕರೆ ಇಳಿಸಿ.